ಸೀಟು ಸಿಕ್ಕಿತ್ತು, ಮಲಗಲು ಜಾಗ ಸಿಗಲಿಲ್ಲ



ಹೋದ ವರ್ಷ ದೀಪಾವಳಿ ರಜೆ ಮುಗಿದು ಶಾಲೆ ಆರಂಭವಾದ ದಿನದ ಮಾತು. ಎಸ್.ಟಿ. ಸ್ಟ್ಯಾಂಡಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಜತ್ತ ತಾಲೂಕಿನ ನಮ್ಮ ಜಿಲ್ಲಾ ಪರಿಷತ್ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಬಿ.ಎಸ್ಸಿ. ಮುಗಿಸಿ, ದೂರದ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ. ಸೀಟು ಪಡೆದಾಗ ನಾವೇ ಅವನನ್ನು ಶಾಲೆಗೆ ಕರೆಸಿದ್ದೆವು. ಶಾಲು ಹೊದಿಸಿ, ಮಕ್ಕಳ ಮುಂದೆ ನಾಲ್ಕು ಮಾತು ಆಡಿಸಿದ್ದೆವು. ಈಗ ಅವನ ಬಗಲಲ್ಲಿ ಹಾಸಿಗೆ ಸುರುಳಿ ಇತ್ತು. ಅಪ್ಪ, ಅವ್ವನ ಜೊತೆ ಕಬ್ಬು ಕಡಿಯುವ ಗ್ಯಾಂಗಿಗೆ ಹೊರಟಿದ್ದ.

“ಯಾಕೋ ತಮ್ಮಾ, ಸಾಲಿ ಬಿಟ್ಟಿ?” ಎಂದೆವು.

“ಸೀಟ್ ಸಿಕ್ಕಿತ್ರಿ ಸರ. ಮಲಗಾಕ ಜಾಗಾ ಸಿಗಲಿಲ್ರಿ.”

ಬಸ್ಸು ಬರುವ ತನಕ ಎಲ್ಲವನ್ನೂ ಹೇಳಿದ. ಹಾಸ್ಟೆಲ್ ಪಟ್ಟಿಯಲ್ಲಿ ಅವನ ಹೆಸರು ಕಾಯುವವರ ಸಾಲಿನಲ್ಲಿತ್ತು. ಹೊರಗೆ ಒಂದು ಕಾಟಿನ ಬಾಡಿಗೆ, ಮೇಲೆ ಡಿಪಾಜಿಟ್, ಅದರ ಮೇಲೆ ಮೆಸ್ಸಿನ ಮುಂಗಡ. ಪರಿಚಯದ ಹುಡುಗನ ರೂಮಿನಲ್ಲಿ ಕೆಲವು ದಿನ ನೆಲದ ಮೇಲೆ ಮಲಗಿದ. ಅವ್ವ ಬಸ್ಸಿಗೆ ಕಳಿಸುತ್ತಿದ್ದ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ದಿನ ದೂಡಿದ. ಪಾಸಿಲ್ಲದವರು ಇರಕೂಡದೆಂದು ಅಲ್ಲಿಂದಲೂ ಏಳಿಸಿದರು. ದಸರೆಗೆ ಊರಿಗೆ ಬಂದವನು ತಿರುಗಿ ಹೋಗಲಿಲ್ಲ.

ನಮಗೆ ನಾಚಿಕೆಯಾಯಿತು. ಶಾಲು ಹೊದಿಸುವಾಗ “ಎಲ್ಲಿ ಇರುತ್ತೀ?” ಎಂದು ಒಂದು ಮಾತು ಕೇಳಿರಲಿಲ್ಲ. ನಾವು ಟಿಸಿಎಚ್ ಓದಿದ್ದೇ ಮಠವೊಂದರ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲಿಯೇ ಮಲಗಿ. ಆ ಚಾಪೆ, ಆ ರೊಟ್ಟಿ ಇಲ್ಲದಿದ್ದರೆ ಇಂದು ನಮ್ಮ ಕೈಯಲ್ಲಿ ಖಡು ಇರುತ್ತಿರಲಿಲ್ಲ. ಅದನ್ನು ನಾವೇ ಮರೆತಿದ್ದೆವು.

ನಮ್ಮ ಹಿರಿಯರು ಮರೆತಿರಲಿಲ್ಲ. ಕೊಲ್ಲಾಪುರದ ಶಾಹು ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳ ವಸತಿಗೃಹ ಆರಂಭಿಸಿದರು. ಮುಂದೆ ಜೈನ, ಲಿಂಗಾಯತ, ಮುಸ್ಲಿಂ, ದಲಿತ ಹೀಗೆ ಒಂದೊಂದು ಸಮಾಜದ ಮಕ್ಕಳಿಗೂ ವಸತಿಗೃಹಗಳು ಎದ್ದವು. ಬರೀ ಕಟ್ಟಡ ಕೊಟ್ಟು ಕೈತೊಳೆದುಕೊಳ್ಳಲಿಲ್ಲ, ವರ್ಷ ವರ್ಷದ ನೆರವನ್ನೂ ಕೊಟ್ಟರು. ಅಂಥ ಕೊಲ್ಲಾಪುರದ ವಸತಿಗೃಹದಲ್ಲಿ ಇದ್ದು ಓದಿದ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗ್ ತೆರೆದರು. ಮಕ್ಕಳಿಗೆ ಕಾಳು ತೀರಿದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ತಮ್ಮ ಒಡವೆಗಳ ಜೊತೆ ಮಂಗಳಸೂತ್ರವನ್ನೂ ಮಾರಿದರು. ಇತ್ತ ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ದೊಡ್ಡವರಾದವರನ್ನು ಎಣಿಸಿ ಮುಗಿಯದು.

ಇವರೆಲ್ಲ ಒಂದು ವಿಷಯ ತಿಳಿದಿದ್ದರು. ಕಟ್ಟಡಕ್ಕೆ ಹಣ ಒಮ್ಮೆ ಸಾಕು, ಹೊಟ್ಟೆಗೆ ದಿನಾ ಬೇಕು. ಇಂದಿನ ವಿಶ್ವವಿದ್ಯಾಲಯದ ಹಾಸ್ಟೆಲಿಗೂ ಇದೇ ಲೆಕ್ಕ. ಅನುದಾನ ಬಂದಾಗ ಕಟ್ಟಡ ಏಳುತ್ತದೆ, ಫಲಕ ಬೀಳುತ್ತದೆ. ಆಮೇಲೆ ನೀರು, ಕರೆಂಟು, ಕಾವಲುಗಾರ, ರಿಪೇರಿ ಇವಕ್ಕೆ ಬೇರೆ ದಾರಿ ಇಲ್ಲದಿದ್ದರೆ ಎಲ್ಲವೂ ಹುಡುಗರ ಬಾಡಿಗೆಯಿಂದಲೇ ಹುಟ್ಟಬೇಕು. ಬಾಡಿಗೆ ಏರಿಸಿದರೆ ಬಡವ ಹೊರಗೆ, ಏರಿಸದಿದ್ದರೆ ಗೋಡೆ ಸೋರುತ್ತದೆ. ಹೊಸ ವಿಭಾಗ ತೆರೆಯುವಾಗ ಸೀಟು ಎಣಿಸಿದಂತೆ ಕಾಟನ್ನೂ ಎಣಿಸಬೇಕು. ದಿನಾ ಮನೆಯಿಂದ ಹೋಗಿ ಬರಲಾರದವನಿಗೆ ಪಟ್ಟಿಯಲ್ಲಿ ದೂರದ ಅಂಕವೂ ಸಿಗಬೇಕು. ಪಟ್ಟಿ ಬೀಳುವ ತನಕ ಒಂದು ತಿಂಗಳು ತಂಗಲು ಒಂದು ದೊಡ್ಡ ಹಾಲ್ ಇದ್ದರೂ ಸಾಕು, ನಮ್ಮ ಹುಡುಗ ಉಳಿಯುತ್ತಿದ್ದ.

ಸರಕಾರದ ಹಣ ಇಲ್ಲವೆಂದಲ್ಲ. ಮಹಾರಾಷ್ಟ್ರದಲ್ಲಿ ಸರಕಾರಿ ಹಾಸ್ಟೆಲ್ ಸಿಗದ ಪರಿಶಿಷ್ಟ ಜಾತಿ ಮತ್ತು ನವಬೌದ್ಧ ವಿದ್ಯಾರ್ಥಿಗಳಿಗೆ 2016-17ರಿಂದ ಡಾ. ಬಾಬಾಸಾಹೇಬ ಅಂಬೇಡ್ಕರ್ ಸ್ವಾಧಾರ್ ಯೋಜನೆ ಇದೆ. ಊಟ, ವಸತಿ, ಇತರ ಖರ್ಚು ಸೇರಿಸಿ ಆರಂಭದಲ್ಲಿ ಗೊತ್ತು ಮಾಡಿದ್ದು ಮುಂಬೈ, ಪುಣೆಯಂಥ ಊರುಗಳಿಗೆ ವರ್ಷಕ್ಕೆ 60 ಸಾವಿರ, ಸಣ್ಣ ಊರುಗಳಿಗೆ 43 ಸಾವಿರ ರೂಪಾಯಿ. ನಮ್ಮ ಹುಡುಗ ಅದಕ್ಕೆ ಅರ್ಹನಿದ್ದ. ಅರ್ಜಿಯ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಹೇಳಿದ್ದರೂ ಆ ಹಣ ಅರ್ಜಿ ಮಂಜೂರಾದ ಮೇಲೆ ಖಾತೆಗೆ ಬರುವಂಥದ್ದು. ಮನೆ ಮಾಲಕನಿಗೆ ಡಿಪಾಜಿಟ್ ಮೊದಲ ದಿನವೇ ಬೇಕು. ಈ ನಡುವಿನ ಎರಡು ಮೂರು ತಿಂಗಳಲ್ಲಿಯೇ ನಮ್ಮ ಮಕ್ಕಳು ಮುಳುಗುತ್ತಾರೆ.

ಅದಕ್ಕೇ ಈಗ ನಾವು ಆ ನಡುವಿನ ತಿಂಗಳಿಗೆ ಕೈ ಹಾಕಿದ್ದೇವೆ. ಅಕ್ಕಪಕ್ಕದ ಕನ್ನಡ ಶಾಲೆಗಳ ಆರು ಮಂದಿ ಶಿಕ್ಷಕರು ಪಗಾರದಲ್ಲಿ ತಿಂಗಳಿಗೆ ಇಷ್ಟೆಂದು ಎತ್ತಿಡುತ್ತಿದ್ದೇವೆ. ಸುಗ್ಗಿಯಲ್ಲಿ ಊರವರು ಎರಡು ಚೀಲ ಜೋಳ ಕೊಟ್ಟರು. ಇದು ಡಿಪಾಜಿಟ್ಟಿಗೆ ಕೊಡುವ ಕೈಗಡ. ಯೋಜನೆಯ ಹಣ ಬಂದ ಮೇಲೆ ಹುಡುಗರು ಹಿಂದಿರುಗಿಸಬೇಕು, ಮುಂದಿನವರಿಗೆ ಅದು ಹೋಗಬೇಕು.

ಇನ್ನೊಂದು ಕೆಲಸ ಪದವೀಧರರದು. 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆಯ ಪ್ರಕಾರ ಸಿನೆಟ್ಟಿಗೆ ನೋಂದಾಯಿತ ಪದವೀಧರರು ಹತ್ತು ಮಂದಿಯನ್ನು ಆರಿಸುತ್ತಾರೆ. ಬಜೆಟ್ಟು ಅದೇ ಸಿನೆಟ್ಟಿನ ಮುಂದೆ ಬರುತ್ತದೆ. ನಮ್ಮ ಶಾಲೆಗಳಲ್ಲಿ ಓದಿ ಡಿಗ್ರಿ ಮುಗಿಸಿದವರು ಎಷ್ಟು ಮಂದಿ ಹೆಸರು ನೋಂದಾಯಿಸಿದ್ದಾರೆ? ಮತ ಕೇಳಲು ಬಂದವರಿಗೆ “ಈ ವರ್ಷ ಎಷ್ಟು ಕಾಟು ಹೆಚ್ಚಿಸುತ್ತೀರಿ?” ಎಂದು ಕೇಳಬೇಡವೇ?

ಈ ಜೂನಿನಲ್ಲಿ ನಮ್ಮ ಊರಿನ ಒಬ್ಬ ಹುಡುಗಿ ಹೋಗಬೇಕಿದೆ. “ಹಾಸ್ಟೆಲ್ ಸಿಕ್ಕರ ಅಷ್ಟ ಕಳಸ್ತೀನ್ರಿ ಸರ, ಹೊರಗ ರೂಮ್ ಅಂದ್ರ ಬ್ಯಾಡ್ರಿ” ಎಂದಿದ್ದಾರೆ ಅವಳ ಅಪ್ಪ. ಅವರ ಮಾತಿನಲ್ಲಿ ತಪ್ಪಿಲ್ಲ. ಪ್ರವೇಶದ ಕಿಟಕಿಗೆ ಹೋಗುವ ಮೊದಲು ಹಾಸ್ಟೆಲ್ ಕಚೇರಿಗೆ ಅವಳ ಜೊತೆ ನಾವೇ ಹೋಗುವವರಿದ್ದೇವೆ. ಪಟ್ಟಿಯಲ್ಲಿ ಹೆಸರು ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಆ ಹುಡುಗನ ಗ್ಯಾಂಗು ಯುಗಾದಿಯ ಹೊತ್ತಿಗೆ ಊರಿಗೆ ಬರುತ್ತದೆ. ಅವನ ಜಾತಿ ದಾಖಲೆ, ಉತ್ಪನ್ನದ ದಾಖಲೆ ಎಲ್ಲ ಕೂಡಿಸಿ ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇವೆ. ಈ ಸಲ ಶಾಲು ಹೊದಿಸುವುದಿಲ್ಲ. ಮೊದಲು ಕಾಟು ನೋಡುತ್ತೇವೆ.