ಮೂರು ಗಂಟೆಯ ಟಿಕೆಟ್

ಗೆಂಡೆಹಳ್ಳಿಯಿಂದ ಅರಸೀಕೆರೆ ಸ್ಟೇಷನ್ ಮುಟ್ಟಿ, ಒಂದೂವರೆಗೆ ನಮ್ಮಿಬ್ಬರಿಗೂ ಬೆಂಗಳೂರಿನ ಜನರಲ್ ಟಿಕೆಟ್ ತಗೊಂಡ್ವಿ. ಮೊದಲು ಬಂದ ಟ್ರೇನಲ್ಲಿ ಕಾಲಿಡೋಕೂ ಜಾಗವಿಲ್ಲ. ಬಿಟ್ವಿ. ಮುಂದಿನದು ಲೇಟು, ಬಂದಾಗ ಐದು ಗಂಟೆ.

ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಟಿಕೆಟ್ ನೋಡಿ, 'ಇದು ಮುಗೀತಲ್ಲಪ್ಪಾ' ಅಂದ್ರು. 2016ರ ಮಾರ್ಚ್‌ನಿಂದ ಇರೋ ನಿಯಮವಂತೆ: 199 ಕಿ.ಮೀ.ವರೆಗಿನ ಜನರಲ್ ಟಿಕೆಟ್ ಕೊಂಡವರು ಮೂರು ಗಂಟೆಯೊಳಗೆ ಅಥವಾ ಆ ಊರಿನ ಮೊದಲ ಟ್ರೇನು ಹೊರಡುವಷ್ಟರಲ್ಲಿ, ಯಾವುದು ತಡವೋ ಅದರೊಳಗೆ, ಹೊರಡಬೇಕು. ಮೊದಲ ಟ್ರೇನೇ ತಡವಾಗಿದ್ದರೆ ನಾವು ಬಚಾವು. ಅದನ್ನೇ ಬಿಟ್ಟಿದ್ದೆವಲ್ಲ!

ಅಜ್ಜಿ ಕೊಟ್ಟ ದುಡ್ಡಲ್ಲಿ ಮತ್ತೆರಡು ಟಿಕೆಟ್. ಫೋನಲ್ಲಿ ಅಜ್ಜಿ, 'ಸೀಟು ಸಿಕ್ತೇನ್ರೋ?' ಅಂದ್ರು. ಬಾಗಿಲ ಹತ್ರ ನಿಂತೇ ಸಿಕ್ತು ಅಂದ್ವಿ.