ಮುಟ್ಟದ ದೆವ್ವಗಳು

2023ರ ಅಕ್ಟೋಬರ್ 14, ಶನಿವಾರ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಏಳು ಗಂಟೆ, ಮಂಡ್ಯದ ಕಡೆಯ ನಮ್ಮೂರಿನಲ್ಲಿ ಸಂಜೆ ಏಳೂವರೆ. ಮಹಾಲಯ ಅಮಾವಾಸ್ಯೆ. ಅಮ್ಮ ವಿಡಿಯೊ ಕಾಲ್ ಮಾಡಿ ಎಡೆ ತೋರಿಸಿದಳು. ಬಾಳೆಲೆಯ ಮೇಲೆ ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ. ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಧೂಪ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡರು. ಹಿರಿಯರು ಬಂದು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಮೆಲ್ಲಗೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋದಳು. ಉಣ್ಣುತ್ತಿರುವವರನ್ನು ಗಾಬರಿಪಡಿಸಬಾರದಲ್ಲ.

ಅದೇ ರಾತ್ರಿ ಗಾಬರಿಪಡಿಸಿಕೊಳ್ಳಲು ನಾನು ಟಿಕೆಟ್ ಕೊಂಡಿದ್ದೆ. ಇದನ್ನು ಅಮ್ಮನಿಗೆ ಹೇಳಲಿಲ್ಲ. ಅಂದು ಇಲ್ಲಿ ಸೂರ್ಯಗ್ರಹಣ ಬೇರೆ ಇತ್ತು, ಭಾರತಕ್ಕೆ ಕಾಣದ ಗ್ರಹಣ. ಒಂಬತ್ತರ ಹೊತ್ತಿಗೆ ಸೂರ್ಯನ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿತ್ತು. ಅದನ್ನೂ ಹೇಳಲಿಲ್ಲ. ಹೇಳಿದ್ದರೆ ಮನೆಯಿಂದ ಹೊರಗೆ ಕಾಲಿಡಲು ಬಿಡುತ್ತಿರಲಿಲ್ಲ.

ನಾವು ಹೊರಟದ್ದು ಲಾಸ್ ಏಂಜಲೀಸ್ ಬಳಿಯ ಬ್ಯೂನಾ ಪಾರ್ಕ್ ಊರಿನ ನಾಟ್ಸ್ ಬೆರ್ರಿ ಫಾರ್ಮ್‌ಗೆ. ಹೆಸರೇ ಹೇಳುವಂತೆ ಅದು ಮೊದಲು ಹೊಲ. ವಾಲ್ಟರ್ ನಾಟ್ ಎಂಬ ರೈತ ಅಲ್ಲಿ ಬಾಯ್ಸನ್‌ಬೆರ್ರಿ ಬೆಳೆದು ರಸ್ತೆ ಬದಿಯಲ್ಲಿ ಮಾರುತ್ತಿದ್ದ. 1934ರಲ್ಲಿ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಅವನ ಹೆಂಡತಿ ಕಾರ್ಡೀಲಿಯಾ ತನ್ನ ಮದುವೆಯ ಪಿಂಗಾಣಿ ತಟ್ಟೆಗಳಲ್ಲಿ ಕೋಳಿ ಊಟ ಬಡಿಸತೊಡಗಿದಳು. ಊಟಕ್ಕೆ 65 ಸೆಂಟು. ಬರಬರುತ್ತಾ ಜನ ಗಂಟೆಗಟ್ಟಲೆ ಸಾಲು ನಿಲ್ಲುವಂತಾಯಿತು. ಕಾಯುವವರಿಗೆ ಬೇಸರವಾಗದಿರಲೆಂದು ನಾಟ್ 1940ರಲ್ಲಿ ಒಂದು ಹಳೆಯ ಗಣಿ ಊರನ್ನೇ ಕಟ್ಟಲು ಶುರುಮಾಡಿದ. ಅದಕ್ಕೆ ಘೋಸ್ಟ್ ಟೌನ್ ಎಂದು ಹೆಸರು. ಜನ ಬಿಟ್ಟುಹೋದ ಊರು ಎಂಬುದಷ್ಟೇ ಆ ಹೆಸರಿನ ಅರ್ಥ. 1973ರ ಅಕ್ಟೋಬರಿನಲ್ಲಿ ಮೂರು ರಾತ್ರಿಗಳ ಮಟ್ಟಿಗೆ ಅಲ್ಲಿಗೆ ವೇಷದ ದೆವ್ವಗಳೂ ಬಂದವು. ನಾನು ಹೋದದ್ದು ಆ ಹಬ್ಬದ 50ನೇ ವರ್ಷ. ಈಗ ಸೆಪ್ಟೆಂಬರಿನಿಂದ ಅಕ್ಟೋಬರ್ ಮುಗಿಯುವ ತನಕ ನಡೆಯುತ್ತದೆ. ಬೇಸಿಗೆ ರಜೆ ಮುಗಿದು ಗಿರಾಕಿ ಇಳಿಯುವ ಕಾಲದಲ್ಲಿ ಅಮೆರಿಕದ ಪಾರ್ಕುಗಳನ್ನು ಹೆದರಿಕೆಯೇ ಸಾಕುತ್ತದೆ.

ಲ್ಯಾಬಿನ ಗೆಳೆಯರು ನಾಲ್ಕು ಜನ ಜೊತೆಗಿದ್ದರು. ಒಳಗೆ ಹೋಗುವಾಗಲೇ ನಿಯಮ ಗೊತ್ತಾಯಿತು: ನೋಡಲು ಬಂದವರು ವೇಷ ಹಾಕುವಂತಿಲ್ಲ, ದೆವ್ವಗಳು ನಿಮ್ಮನ್ನು ಮುಟ್ಟುವುದಿಲ್ಲ, ನೀವೂ ಅವನ್ನು ಮುಟ್ಟಬಾರದು. ಘೋಸ್ಟ್ ಟೌನಿನ ಬೀದಿಗಳಲ್ಲಿ ಎದುರಿನವರ ಮುಖ ಕಾಣದಷ್ಟು ಹೊಗೆ. ಅದರೊಳಗಿಂದ ಓಡಿಬಂದು, ಮಂಡಿಯೂರಿ ನೆಲದ ಮೇಲೆ ಕಿಡಿ ಹಾರಿಸುತ್ತಾ ನಮ್ಮ ಕಾಲಿನ ತನಕ ಜಾರಿಬರುವ ದೆವ್ವಗಳಿಗೆ ಸ್ಲೈಡರ್ ಎನ್ನುತ್ತಾರೆ. ಚೀರಿದೆವು, ಆಮೇಲೆ ನಕ್ಕೆವು. ಹೀಗೆ ಹೆದರುವುದು ಸುಲಭ. ದುಡ್ಡು ಕೊಟ್ಟಿದ್ದೇವೆ, ಅವರು ಮುಟ್ಟುವುದಿಲ್ಲ, ಮಧ್ಯರಾತ್ರಿ ದಾಟಿದ ಮೇಲೆ ಎಲ್ಲರೂ ಮುಖ ತೊಳೆದುಕೊಂಡು ಮನೆಗೆ ಹೋಗುತ್ತಾರೆ.

ಮೂರನೆಯದೋ ನಾಲ್ಕನೆಯದೋ ಮೇಝಿನಲ್ಲಿ, ಕತ್ತಲೆಯ ಒಂದು ತಿರುವಿನಲ್ಲಿ, ಪ್ಲಾಸ್ಟಿಕ್ ಪರದೆ ಸರಿಸಿದೆ. ಕಬ್ಬಿಣದ ಮಂಚ. ಬಿಳಿ ಹೊದಿಕೆ. ಪಕ್ಕದಲ್ಲಿ ಟಿಂಕ್ ಟಿಂಕ್ ಎನ್ನುವ ಯಂತ್ರ. ಗೆಳೆಯರು ಮುಂದೆ ಹೋದರು. ನನ್ನ ಕಾಲು ಏಳಲಿಲ್ಲ.

2021ರ ಮೇ. ಅಪ್ಪ ಆಸ್ಪತ್ರೆಯಲ್ಲಿ ಆರು ದಿನ ಇದ್ದ. ಆ ತಿಂಗಳು ಭಾರತದಿಂದ ಅಮೆರಿಕಕ್ಕೆ ಬರುವವರಿಗೆ ನಿರ್ಬಂಧವಿತ್ತು. ಫೋನಿನಲ್ಲಿ ಏದುಸಿರು ಬಿಡುತ್ತಾ ಅಪ್ಪ, ‘ಬರ್‍ಬ್ಯಾಡ ಕಣ್ ಮಗ, ಓದು ಕೆಡ್ತದೆ’ ಎಂದಿದ್ದ. ನಾನು ‘ಆಯ್ತಪ್ಪ’ ಎಂದೆ. ಎರಡು ವರ್ಷದಿಂದ ನನ್ನನ್ನು ಕಾಡುತ್ತಿದ್ದುದು ಅಪ್ಪನ ಮಾತಲ್ಲ, ನಾನು ಅಷ್ಟು ಬೇಗ ಕೊಟ್ಟ ಉತ್ತರ. ಅದರಲ್ಲಿ ಒಂದು ಸಮಾಧಾನವೂ ಇತ್ತು. ಹೋಗುವುದು ತಪ್ಪಿತಲ್ಲ ಎಂಬ ಸಮಾಧಾನ. ಅಪ್ಪನನ್ನು ಸುತ್ತಿ ಕೊಟ್ಟರಂತೆ. ಯಾರೂ ಮುಟ್ಟುವಂತಿರಲಿಲ್ಲವಂತೆ. ಅಷ್ಟು ಮಾತ್ರ ಅಣ್ಣ ಹೇಳಿದ್ದ. ನಾನು ಹೆಚ್ಚು ಕೇಳಲಿಲ್ಲ.

ಮಂಚದ ಹಿಂದಿನಿಂದ ರಕ್ತ ಬಳಿದುಕೊಂಡ ನರ್ಸ್ ವೇಷದ ದೆವ್ವವೊಂದು ಕಿರುಚುತ್ತಾ ನುಗ್ಗಿತು. ನಾನು ಕಿರುಚಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟೆ. ದೆವ್ವ ಒಂದು ಗಳಿಗೆ ನೋಡಿತು. ಆಮೇಲೆ ಮಂಡಿಯೂರಿ, ತೀರಾ ಎಳೆಯ ದನಿಯಲ್ಲಿ, ಹುಷಾರಾಗಿದ್ದೀರಾ ಎಂದು ಕೇಳಿತು. ಹೊರಗೆ ಹೋಗಬೇಕೇ ಎಂದಿತು. ತಲೆಯಾಡಿಸಿದೆ. ಎಲ್ಲಿಂದಲೋ ಸಣ್ಣ ಟಾರ್ಚ್ ತೆಗೆದು ನನ್ನ ಕಾಲ ಮುಂದಿನ ನೆಲಕ್ಕೆ ಬೆಳಕು ಬಿಡುತ್ತಾ ಪಕ್ಕದ ಬಾಗಿಲಿನ ತನಕ ಬಂತು. ಆಗಲೂ ಮುಟ್ಟಲಿಲ್ಲ. ಅರ್ಧ ಅಡಿ ದೂರದಲ್ಲಿ ಕೈ ಚಾಚಿಕೊಂಡೇ ಇತ್ತು, ಬಿದ್ದರೆ ಹಿಡಿಯಲೆಂದು. ಅಪ್ಪನ ಬಳಿಯೂ ಯಾರೋ ಒಬ್ಬರು, ಮುಖ ಕಾಣದ ಉಡುಪಿನಲ್ಲಿ, ಹೀಗೆ ನಿಂತಿದ್ದಿರಬಹುದು ಎಂದು ನನಗೆ ಅಂದೇ ಮೊದಲು ಹೊಳೆದದ್ದು.

ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ. ಸುತ್ತ ಎಲ್ಲರೂ ಚೀರುತ್ತಿದ್ದುದರಿಂದ ಯಾರೂ ತಿರುಗಿ ನೋಡಲಿಲ್ಲ. ಊರಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆ. ಅಮ್ಮನಿಗೆ ಫೋನ್ ಮಾಡಿ ಎಲ್ಲಿದ್ದೇನೆಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ರೈತನ ಕತೆ ಕೇಳಿ, ‘ಬೆಳೆ ಬುಟ್ಟು ದೆವ್ವ ಬೆಳ್ದವ್ನಲ್ಲ’ ಎಂದು ನಕ್ಕಳು. ಆ ನಗುವಿನ ಧೈರ್ಯದಲ್ಲೇ ಕೇಳಿದೆ: ‘ಅವತ್ತು ಅಪ್ಪನ ಮುಖ ನೋಡಿದ್ಯಾ?’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ದೂರದಿಂದ ತೋರ್‍ಸುದ್ರು. ಗಡ್ಡ ಬಂದಿತ್ತು’ ಎಂದಳು. ‘ನೀನ್ ಬಂದಿದ್ರೂ ಅಷ್ಟೇ ಕಣ್ ಮಗ ಕಾಣ್ತಿದ್ದುದ್ದು.’

ಗಡ್ಡ ಬಂದಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ.

ಹೊರಡುವಾಗ ಅಲ್ಲಿನ ಅಂಗಡಿಯಲ್ಲಿ ಒಂದು ಬಾಟಲಿ ಬಾಯ್ಸನ್‌ಬೆರ್ರಿ ಜಾಮ್ ಕೊಂಡೆ. ಮರುವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಿತ್ತು. ಗೈಡ್ ಬಳಿ ಎರಡು ವಾರ ರಜೆ ಕೇಳಿ ಊರಿಗೆ ಹೋದೆ. ಬಾಳೆಲೆಯ ತುದಿಯಲ್ಲಿ, ಬೀಡಿ ಕಟ್ಟಿನ ಪಕ್ಕ, ಒಂದು ಚಮಚ ಜಾಮ್ ಇಟ್ಟೆ. ಅಮ್ಮ ಏನೂ ಅನ್ನಲಿಲ್ಲ. ಧೂಪ ಹಾಕಿ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡೆವು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ನನ್ನ ಕಡೆ ನೋಡಿದಳು. ಕೆಮ್ಮಿ ಬಾಗಿಲು ತಟ್ಟಿದ್ದು ನಾನು.