ಕಾಯುವವನ ಕೀರ್ತಿ

ಊರು ಕಾಯುವವನು ಎಚ್ಚರವಾಗಿದ್ದ ರಾತ್ರಿಗಳನ್ನು ಯಾರೂ ನೆನಪಿಡುವುದಿಲ್ಲ. ಆತ ಕಣ್ಣು ಮುಚ್ಚಿದ ಒಂದು ರಾತ್ರಿಯನ್ನು ಮಾತ್ರ ಊರೆಲ್ಲ ನೆನಪಿಡುತ್ತದೆ. ಕಳ್ಳತನವಾಗದ ರಾತ್ರಿಗೆ ಸುದ್ದಿಯೆಲ್ಲಿಯದು? ಒಡೆಯದ ಕೆರೆಗೆ, ಕುಸಿಯದ ಗೋಡೆಗೆ, ಹರಿಯದ ಬಟ್ಟೆಗೆ ಹೊಗಳಿಕೆ ದೊರೆಯುವುದು ಅಪರೂಪ. ಕಾಲ್ಚೆಂಡಿನ ಆಟದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಆಟಗಾರನ ಪಾಡೂ ಇದೇ. ಹತ್ತು ಸಲ ತಪ್ಪಿ ಒಮ್ಮೆ ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ಹತ್ತು ಸಲ ತಡೆದು ಒಮ್ಮೆ ತಪ್ಪಿದವನನ್ನು ಬೈಯುತ್ತಾರೆ.

ದಸರೆಯ ರಜೆಯಲ್ಲಿ ಒಂದು ಸಂಜೆ ಇಳಕಲ್ಲಿನ ನೇಕಾರರೊಬ್ಬರ ಮನೆಯ ಪಡಸಾಲೆಯಲ್ಲಿ ಈ ವಿಷಯವಾಗಿಯೇ ದೊಡ್ಡ ವಾದ ಹುಟ್ಟಿತು. ವಾದಕ್ಕೆ ಇಳಿದವರು ಮೂವರು ಗೆಳೆಯರು. ಮೂವರೂ ಬಾಗಲಕೋಟೆಯ ಕಾಲೇಜಿನಲ್ಲಿ ಓದುವವರು. ಒಬ್ಬನು ಬಾದಾಮಿಯವನು, ಇನ್ನೊಬ್ಬನು ಹುನಗುಂದದವನು, ಮೂರನೆಯವನು ಆ ಮನೆಯ ಮೊಮ್ಮಗ. ಬಾದಾಮಿಯವನು ಬರುವ ದಾರಿಯಲ್ಲಿ ಅಮೀನಗಡದಲ್ಲಿ ಕೊಂಡು ತಂದ ಕರದಂಟಿನ ಪೊಟ್ಟಣ ಮೂವರ ನಡುವೆ ಬಿಚ್ಚಿ ಬಿದ್ದಿತ್ತು. ಒಳಗಡೆ ಕುಣಿಮಗ್ಗದಲ್ಲಿ ಕುಳಿತ ಅಜ್ಜನ ಲಾಳಿಯ ಸದ್ದು ಮಾತಿಗೆ ತಾಳ ಹಾಕುತ್ತಿತ್ತು.

ಚರ್ಚೆ ಬೆಂಗಳೂರು ಎಫ್.ಸಿ. ತಂಡದ್ದು. 2013ರಲ್ಲಿ ಹುಟ್ಟಿದ ಆ ತಂಡದ ಇತಿಹಾಸದಲ್ಲಿ ಮಹನೀಯರು ಯಾರು ಎಂದು ಪಟ್ಟಿ ಮಾಡುವುದು ಅವರ ಉದ್ದೇಶ. ಮೊದಲ ಹೆಸರಿಗೆ ತಕರಾರೇ ಇರಲಿಲ್ಲ. ಸುನಿಲ್ ಛೆಟ್ರಿ ಎಂದು ಮೂವರೂ ಒಂದೇ ಉಸಿರಿನಲ್ಲಿ ಹೇಳಿದರು. ಎರಡನೆಯ ಹೆಸರನ್ನು ಬಾದಾಮಿಯವನು ಮುಂದಿಟ್ಟ: ಜಾನ್ ಜಾನ್ಸನ್. ಅಲ್ಲಿಂದ ಜಗಳ ಆರಂಭವಾಯಿತು.

ಜಾನ್ಸನ್ ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನವರು. ತಂಡ ಹುಟ್ಟಿದ ವರ್ಷವೇ ಬೆಂಗಳೂರಿಗೆ ಬಂದು 2018ರವರೆಗೆ ಹಿಂದಿನ ಸಾಲಿನ ನಡುವೆ ನಿಂತು ಆಡಿದರು. ಆ ಐದು ವರ್ಷಗಳಲ್ಲಿ ತಂಡವು ಎರಡು ಸಲ ಐ-ಲೀಗ್, ಎರಡು ಸಲ ಫೆಡರೇಷನ್ ಕಪ್, ಒಮ್ಮೆ ಸೂಪರ್ ಕಪ್ ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿತು. ದೋಹಾದಲ್ಲಿ ನಡೆದ ಆ ಪಂದ್ಯದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಒಂದು ಗೋಲಿನಿಂದ ಸೋತಿತು.

"ಮನೆ ಕಟ್ಟುವಾಗ ಅಡಿಗಲ್ಲಾಗಿ ನಿಂತವನನ್ನು ಮರೆತರೆ ಹೇಗೆ?" ಎಂದು ಬಾದಾಮಿಯವನು ಕೇಳಿದ.

ಹುನಗುಂದದವನು ಒಪ್ಪಲಿಲ್ಲ. ಬಹುಕಾಲ ಇದ್ದವರೆಲ್ಲ ಮಹನೀಯರಾಗುವುದಾದರೆ ಮೈದಾನದ ಬೇವಿನ ಮರವೂ ಮಹನೀಯನೇ ಎಂದು ನಕ್ಕ. ಜಾನ್ಸನ್ 2018ರಲ್ಲಿ ಕೋಲ್ಕತ್ತದ ತಂಡ ಸೇರಿದುದನ್ನು ನೆನಪಿಸಿದ. ಮರುವರ್ಷ ಮಾರ್ಚಿಯಲ್ಲಿ ಬೆಂಗಳೂರು ತಂಡ ಗೋವಾವನ್ನು ಮಣಿಸಿ ಇಂಡಿಯನ್ ಸೂಪರ್ ಲೀಗಿನ ಕಿರೀಟವನ್ನು ಮೊದಲ ಬಾರಿ ಧರಿಸಿದಾಗ ಜಾನ್ಸನ್ ಅಲ್ಲಿರಲಿಲ್ಲ. ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಚೆಂಡನ್ನು ಬಲೆಗೆ ತೂರಿ ಆ ಪಂದ್ಯ ಗೆಲ್ಲಿಸಿದವರು ರಾಹುಲ್ ಭೆಕೆ. ಅವರೂ ಹಿಂದಿನ ಸಾಲಿನವರೇ.

"ಹಾಗಾದರೆ 2015ರ ಮೇ 31 ಮರೆತೆಯಾ?" ಎಂದು ಬಾದಾಮಿಯವನು ಗುಡುಗಿದ. ಅಂದು ಕಂಠೀರವ ಕ್ರೀಡಾಂಗಣದಲ್ಲಿ ಲೀಗಿನ ಕೊನೆಯ ಪಂದ್ಯ. ಪ್ರಶಸ್ತಿ ಉಳಿಸಿಕೊಳ್ಳಲು ಬೆಂಗಳೂರಿಗೆ ಗೆಲುವೇ ಬೇಕಿತ್ತು; ಮೋಹನ್ ಬಾಗಾನಿಗೆ ಸಮಬಲವಾದರೂ ಸಾಕಿತ್ತು. ಮೊದಲರ್ಧದಲ್ಲಿ ಜಾನ್ಸನ್ ತಲೆಯಿಂದ ಹೊಡೆದ ಗೋಲು ತಂಡವನ್ನು ಮುಂದೆ ತಂದಿತು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬಾಗಾನಿನ ಬೆಲ್ಲೊ ರಜಾಕ್ ಕೂಡ ತಲೆಯಿಂದಲೇ ಗೋಲು ಹೊಡೆದ. ಪಂದ್ಯ ಸಮವಾಯಿತು, ಕಿರೀಟ ಕೋಲ್ಕತ್ತಕ್ಕೆ ಹೋಯಿತು.

"ಅದೇ ನಾನು ಹೇಳುವುದು," ಎಂದು ಇದುವರೆಗೆ ಸುಮ್ಮನಿದ್ದ ಮೊಮ್ಮಗ ಬಾಯಿ ತೆರೆದ. "ಅವನನ್ನು ಹೊಗಳುವ ನೀನೂ ಅವನು ಹೊಡೆದ ಗೋಲನ್ನೇ ಹೇಳುತ್ತೀ. ಭೆಕೆಯನ್ನು ನೆನೆಯುವವರೂ ಗೋಲನ್ನೇ ನೆನೆಯುತ್ತಾರೆ. ಹಿಂದೆ ನಿಲ್ಲುವವನು ತನ್ನ ಕೆಲಸದಿಂದ ಹೆಸರು ಪಡೆಯುವುದಿಲ್ಲ. ಮುಂದಿನವನ ಕೆಲಸ ಮಾಡಿದಾಗ ಪಡೆಯುತ್ತಾನೆ."

ಅವನ ದನಿಯಲ್ಲಿ ಕಹಿ ಇತ್ತು. ಕಾರಣ ಗೆಳೆಯರಿಬ್ಬರಿಗೂ ಗೊತ್ತಿತ್ತು. ಕಾಲೇಜಿನ ತಂಡದಲ್ಲಿ ಅಷ್ಟು ದಿನ ಮುಂದಿನ ಸಾಲಿನಲ್ಲಿ ಆಡುತ್ತಿದ್ದ ಅವನನ್ನು ತರಬೇತುದಾರರು ಹಿಂದಕ್ಕೆ ಕಳಿಸಿದ್ದರು. ಅದನ್ನು ಅವಮಾನವೆಂದು ಬಗೆದು ಅವನು ರಜೆಯ ಬಳಿಕ ಮೈದಾನಕ್ಕೆ ಕಾಲಿಡುವುದಿಲ್ಲವೆಂದು ಶಪಥ ಮಾಡಿದ್ದ. ಆಟದ ಬೂಟುಗಳು ಅಟ್ಟ ಸೇರಿದ್ದವು.

ಅವನ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಶ್ರೇಷ್ಠ ಕಾಲ್ಚೆಂಡಿನ ಆಟಗಾರನಿಗೆ 1956ರಿಂದ ಚಿನ್ನದ ಚೆಂಡಿನ ಪ್ರಶಸ್ತಿ ಕೊಡುತ್ತ ಬಂದಿದ್ದಾರೆ. ಪುರುಷರಲ್ಲಿ ಅದನ್ನು ಪಡೆದ ರಕ್ಷಣಾ ಆಟಗಾರರು ಮೂವರೇ: 1972 ಮತ್ತು 1976ರಲ್ಲಿ ಬೆಕೆನ್‌ಬಾವರ್, 1996ರಲ್ಲಿ ಸಮ್ಮರ್, 2006ರಲ್ಲಿ ಕನ್ನವಾರೊ. ಭಾರತದ ಹಿಂದಿನ ಸಾಲಿನ ದೈತ್ಯ ಜರ್ನೈಲ್ ಸಿಂಗರ ಕಥೆಯೂ ಹೀಗೆಯೇ. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡ ಅವರನ್ನು ಮುಂದಿನ ಸಾಲಿನಲ್ಲಿ ಆಡಿಸಿದರು. ದಕ್ಷಿಣ ಕೊರಿಯಾದ ಎದುರು ಅಂತಿಮ ಪಂದ್ಯದಲ್ಲಿ ಅವರು ಗೋಲು ಹೊಡೆದರು; ಭಾರತ 2-1ರಿಂದ ಚಿನ್ನ ಗೆದ್ದಿತು. ವರ್ಷಗಟ್ಟಲೆ ಅವರು ತಡೆದುದಕ್ಕಿಂತ ಆ ಒಂದು ಗೋಲಿನ ಕಥೆಯೇ ಹೆಚ್ಚು ಪ್ರಚಾರ ಪಡೆಯಿತು. ಹಾಗೆಂದು ಕಾಯುವವರನ್ನು ಗುರುತಿಸಿದ ಊರುಗಳೇ ಇಲ್ಲವೆನ್ನುವಂತಿಲ್ಲ. ಇಟಲಿಯ ಮಿಲಾನ್ ತಂಡಕ್ಕಾಗಿ 1985ರಿಂದ 2009ರವರೆಗೆ 902 ಪಂದ್ಯಗಳಲ್ಲಿ ಆಡಿದ ಪಾವೊಲೊ ಮಾಲ್ದೀನಿ ನಿವೃತ್ತರಾದಾಗ ಅವರು ತೊಡುತ್ತಿದ್ದ 3ನೆಯ ಅಂಕೆಯ ಅಂಗಿಯನ್ನು ಇನ್ನಾರಿಗೂ ಕೊಡದೆ ತೆಗೆದಿರಿಸಿದರು.

ಬಾದಾಮಿಯವನು ಈಗ ತನ್ನ ಊರಿನ ನೆರವು ಪಡೆದ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 543ರ ಒಂದು ಚಿಕ್ಕ ಶಾಸನವುಂಟು. ಒಂದನೆಯ ಪುಲಿಕೇಶಿ ವಾತಾಪಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದನೆಂದು ಅದು ತಿಳಿಸುತ್ತದೆ. "ಚಾಲುಕ್ಯರ ರಾಜ್ಯ ಬೆಳೆದದ್ದು ಆ ಕೋಟೆಯ ಬಲದಿಂದ. ಮೊದಲು ಕಾಯುವುದು, ಆಮೇಲೆ ಗೆಲ್ಲುವುದು," ಎಂದ.

ಹುನಗುಂದದವನು ಬಿಟ್ಟಾನೆಯೇ? ಅವನ ಸೀಮೆಯಲ್ಲಿ ಐಹೊಳೆಯಿದೆ. ಅಲ್ಲಿನ ಮೇಗುತಿ ಬಸದಿಯಲ್ಲಿ ಕವಿ ರವಿಕೀರ್ತಿ 634ರಲ್ಲಿ ಬರೆದ ಶಾಸನವಿದೆ. ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳು, ಹರ್ಷನ ಮೇಲಿನ ಗೆಲುವು ಎಲ್ಲವೂ ಅದರಲ್ಲಿ ಮೆರೆಯುತ್ತವೆ. "ನೋಡು, ಕೋಟೆಗೆ ಸಿಕ್ಕದ್ದು ಕೆಲವು ಸಾಲು; ಗೆದ್ದವನಿಗೆ ಸಿಕ್ಕದ್ದು ಕಾವ್ಯ. ನಿಮ್ಮ ಕೋಟೆಯೂ 642ರಲ್ಲಿ ಪಲ್ಲವರ ಕೈಗೆ ಬೀಳಲಿಲ್ಲವೇ?"

"ಬಿದ್ದ ದಿನವನ್ನು ಹೇಳುತ್ತೀ. ಅದಕ್ಕೆ ಮೊದಲು ನೂರು ವರ್ಷ ನಿಂತದ್ದನ್ನು ಏಕೆ ಹೇಳುವುದಿಲ್ಲ?" ಎಂದು ಬಾದಾಮಿಯವನು ಮರುನುಡಿದ.

ಆಗ ಒಳಗಿನ ಲಾಳಿಯ ಸದ್ದು ನಿಂತಿತು. ಅಜ್ಜ ಕುಣಿಯಿಂದ ಮೇಲೆದ್ದು, ಕೈಯೊರಸಿಕೊಳ್ಳುತ್ತ ಬಾಗಿಲಿಗೆ ಬಂದರು. ಅವರಿಗೆ ಕಾಲ್ಚೆಂಡಿನ ನಿಯಮಗಳು ಅಷ್ಟಾಗಿ ತಿಳಿಯವು. ಮೊಮ್ಮಗನ ಮನಸ್ಸು ಮಾತ್ರ ತಿಳಿದಿತ್ತು.

"ತಮ್ಮಾ, ಆ ಹುಡುಗ ಹೊಡೆದ ಗೋಲು ಹೇಳಿದ್ರಿ. ತಡೆದ ಗೋಲು ಎಷ್ಟು? ಯಾರರೆ ಎಣಿಸ್ಯಾರೇನು?"

ಮೂವರೂ ಮುಖ ಮುಖ ನೋಡಿಕೊಂಡರು. "ಇಲ್ಲ ಅಜ್ಜಾ, ಆಗದೆ ಇದ್ದದ್ದನ್ನು ಎಣಿಸುವುದು ಹೇಗೆ?" ಎಂದ ಹುನಗುಂದದವನು.

"ಬರ್ರಿ ಇಲ್ಲಿ," ಎಂದು ಅಜ್ಜ ಅವರನ್ನು ಮಗ್ಗದ ಬಳಿಗೆ ಕರೆದರು.

ಇಳಕಲ್ ಸೀರೆಯ ಹೆಸರು ಹೇಳಿದೊಡನೆ ಕಣ್ಣ ಮುಂದೆ ನಿಲ್ಲುವುದು ಅದರ ಕೆಂಪು ರೇಷ್ಮೆಯ ಸೆರಗು. ಅದರ ಮೇಲೆ ಬಿಳಿಯ ತೆನೆಗಳ ಸಾಲು. ಮದುವೆಯ ಮನೆಯಲ್ಲಿ ಹೆಂಗಸರು ಹಿಡಿದು ನೋಡುವುದು ಆ ಸೆರಗನ್ನು. ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಅವೆರಡೂ ಬೇರೆ ಬೇರೆ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆಗಳಂತೆ ಒಂದರೊಳಗೊಂದು ಸೇರಿಸಿದರೆ ಮಾತ್ರ ಅವು ಒಂದೇ ಸೀರೆಯಾಗುತ್ತವೆ. ಈ ಜೋಡಣೆಗೆ ಕೊಂಡಿ ಎಂದು ಹೆಸರು. ಎಳೆ ಎಳೆಯನ್ನೂ ಹೀಗೆ ಬೆಸೆಯಬೇಕು. ಕೆಲಸ ಚೆನ್ನಾಗಿ ಆಗಿದ್ದರೆ ನೋಡುವವರ ಕಣ್ಣು ಅದರ ಮೇಲೆ ನಿಲ್ಲದೆ ಸೆರಗಿಗೆ ಜಾರುತ್ತದೆ. ಕೆಟ್ಟಿದ್ದರೆ ಅದೊಂದೇ ಕಾಣುತ್ತದೆ.

"ಕೊಂಡಿ ಹಾಕಿದವನ ಹೆಸರು ಯಾರೂ ಕೇಳೂದಿಲ್ಲ. ಆದರ ಕೊಂಡಿ ಬಿಚ್ಚಿತಂದ್ರ ಸೆರಗೂ ಇಲ್ಲ, ಸೀರಿನೂ ಇಲ್ಲ," ಎಂದು ಅಜ್ಜ ಆ ಗೆರೆಯ ಮೇಲೆ ಬೆರಳಾಡಿಸಿದರು.

"ಹಾಗಾದರೆ ಬಹಳ ವರ್ಷ ಕೊಂಡಿ ಹಾಕಿದವರೆಲ್ಲ ದೊಡ್ಡವರೇ ಅಜ್ಜಾ?" ಎಂದು ಹುನಗುಂದದವನು ತನ್ನ ಹಳೆಯ ಪ್ರಶ್ನೆಯನ್ನೇ ಎತ್ತಿದ.

ಅಜ್ಜ ತಲೆಯಲ್ಲಾಡಿಸಿದರು. "ಇಲ್ಲ. ಐವತ್ತು ವರ್ಷ ಮಗ್ಗದಾಗ ಕುಂತವರೆಲ್ಲ ಚಲೋ ನೇಕಾರರಲ್ಲ. ಎಷ್ಟು ವರ್ಷ ಇದ್ದ ಅನ್ನೂದು ನೋಡಬ್ಯಾಡ್ರಿ. ಅವನು ಇದ್ದಾಗ ಉಳಿದವರು ಎಷ್ಟು ನಿಶ್ಚಿಂತಿಯಿಂದ ಇದ್ರು, ಅದನ್ನ ನೋಡ್ರಿ."

ಈ ಅಳತೆಗೋಲು ಮೂವರಿಗೂ ಹೊಸದು. ಮುಂದೆ ಓಡುವವನು ಹಿಂದಿರುಗಿ ನೋಡದೆ ಓಡಬಲ್ಲನಾದರೆ ಅದಕ್ಕೆ ಕಾರಣ ಹಿಂದೆ ನಿಂತವನ ಮೇಲಿನ ನಂಬಿಕೆ. ಛೆಟ್ರಿಯ ಗೋಲುಗಳ ಲೆಕ್ಕ ಪುಸ್ತಕದಲ್ಲಿದೆ. ಆ ಗೋಲುಗಳಿಗಾಗಿ ತಂಡವೆಲ್ಲ ಮುಂದೆ ನುಗ್ಗಿದಾಗ ಬೆನ್ನ ಹಿಂದಿನ ಬಯಲನ್ನು ಒಬ್ಬಿಬ್ಬರು ಕಾದರಲ್ಲ, ಆ ನಂಬಿಕೆಗೆ ಅಂಕೆಯಿಲ್ಲ. ಅಂಕೆಯಿಲ್ಲದ ಮಾತ್ರಕ್ಕೆ ಅದು ಇಲ್ಲವೆಂದು ಹೇಳಲಾದೀತೇ?

ರಾತ್ರಿ ಊಟದವರೆಗೂ ವಾದ ಮುಂದುವರಿಯಿತು. ಜಾನ್ಸನ್ನರ ಸ್ಥಾನ ತೀರ್ಮಾನವಾಗಲಿಲ್ಲ. ಬಾದಾಮಿಯವನು ಎರಡನೆಯ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಹುನಗುಂದದವನು ಬಹಳ ಕಷ್ಟಪಟ್ಟು ಐದನೆಯದಕ್ಕೆ ಏರಿಸಿದ. ಮೊಮ್ಮಗ ಮಾತ್ರ ಯಾವ ಸ್ಥಾನವನ್ನೂ ಹೇಳಲಿಲ್ಲ. ದೀಪ ಆರಿಸುವ ಮೊದಲು ಅವನು ಒಮ್ಮೆ ಮಗ್ಗದ ಕೋಣೆಗೆ ಹೋಗಿ, ಅರ್ಧ ನೇಯ್ದ ಸೀರೆಯ ಮೇಲೆ ಬಾಗಿ, ಕೊಂಡಿಯ ಗೆರೆಯನ್ನು ಹುಡುಕಿದ. ಅದನ್ನು ಕಾಣಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ರಜೆ ಮುಗಿದ ಬೆಳಿಗ್ಗೆ ಬಾಗಲಕೋಟೆಯ ಬಸ್ಸು ಹೊರಡುವುದರಲ್ಲಿತ್ತು. ಅಜ್ಜ ನಿಲ್ದಾಣದವರೆಗೆ ಬಂದಿದ್ದರು. ಮೊಮ್ಮಗನ ಚೀಲ ಬರುವಾಗ ಇದ್ದುದಕ್ಕಿಂತ ಉಬ್ಬಿತ್ತು. ಮುಚ್ಚದೆ ಉಳಿದ ಬಾಯಿಯಿಂದ ಬೂಟಿನ ದಾರವೊಂದು ಹೊರಗೆ ಜೋತಾಡುತ್ತಿತ್ತು. ಅಜ್ಜ ಅದನ್ನು ಕಂಡರು. ಏನೂ ಹೇಳದೆ ದಾರವನ್ನು ಒಳಕ್ಕೆ ತೂರಿಸಿ, ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿದರು.